ಸಂಬಳದಾಚೆಯ ಆದಾಯಕ್ಕೆ ಮುಂಗಡ ತೆರಿಗೆ

ಸಂಬಳದ ಮೇಲಿನ ಆದಾಯ ತೆರಿಗೆಯನ್ನು ನೌಕರಿ ಕೊಟ್ಟ ಸಂಸ್ಥೆಯೇ ತಿಂಗಳು ತಿಂಗಳೂ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವುದರಿಂದ, ನೌಕರಿಯ ಜೊತೆಗೆ ಸಣ್ಣ ವ್ಯಾಪಾರವನ್ನೂ ನಡೆಸುವವರಲ್ಲಿ ತೆರಿಗೆಯ ಹೊಣೆ ಅಲ್ಲಿಗೇ ಮುಗಿಯಿತೆಂಬ ಭಾವನೆ ಬೇರೂರಿರುತ್ತದೆ. ಆದರೆ ವ್ಯಾಪಾರದ ಲಾಭ ಆ ಸಂಸ್ಥೆಯ ಲೆಕ್ಕಕ್ಕೆ ಬಂದಿರುವುದೇ ಇಲ್ಲ. ಅದು ಸಂಬಳದ ಜೊತೆ ಸೇರಿದಾಗ, ಸಂಬಳ ತಲುಪಿರುವ ಮೇಲಿನ ಹಂತದ ದರದಲ್ಲೇ ತೆರಿಗೆಗೆ ಒಳಪಡುತ್ತದೆ. ಮೂಲದಲ್ಲೇ ಕಡಿತವಾದ ತೆರಿಗೆಯನ್ನು, ಅಂದರೆ ಟಿಡಿಎಸ್ ಮೊತ್ತವನ್ನು, ಕಳೆದ ಮೇಲೂ ವರ್ಷಕ್ಕೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಉಳಿಯುವಂತಿದ್ದರೆ, ಅದನ್ನು ಆದಾಯ ಬರುತ್ತಿರುವ ವರ್ಷದಲ್ಲೇ ಅಂದಾಜಿನ ಮೇಲೆ ಕಟ್ಟಬೇಕಾಗುತ್ತದೆ; ಇದೇ ಮುಂಗಡ ತೆರಿಗೆ.

ಜೂನ್ 15ರೊಳಗೆ ಒಟ್ಟು ಬಾಕಿಯ ಶೇ 15, ಸೆಪ್ಟೆಂಬರ್ 15ರೊಳಗೆ ಶೇ 45, ಡಿಸೆಂಬರ್ 15ರೊಳಗೆ ಶೇ 75 ಮತ್ತು ಮಾರ್ಚ್ 15ರೊಳಗೆ ಪೂರ್ಣ ಮೊತ್ತ ಸಂದಾಯವಾಗಿರಬೇಕು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ, ಸಂಬಳದ ತೆರಿಗೆಯೋಗ್ಯ ಭಾಗ 16.5 ಲಕ್ಷ ರೂಪಾಯಿಯಿದ್ದು, ವ್ಯಾಪಾರದಿಂದ 3 ಲಕ್ಷ ಲಾಭ ಬಂದಿತೆನ್ನೋಣ. ಆ 3 ಲಕ್ಷಕ್ಕೆ ಶೇ 20ರಂತೆ 60,000, ಅದರ ಮೇಲೆ ಶೇ 4ರ ಸೆಸ್ ಸೇರಿ 62,400 ರೂಪಾಯಿ ತೆರಿಗೆಯಾಗುತ್ತದೆ. ವರ್ಷವಿಡೀ ಏನನ್ನೂ ಕಟ್ಟದೆ, ಮುಂದಿನ ಜುಲೈ ಕೊನೆಯಲ್ಲಿ ರಿಟರ್ನ್ ಸಲ್ಲಿಸುವಾಗ ಒಟ್ಟಿಗೆ ಕಟ್ಟಿದರೆ, ಕಂತು ತಪ್ಪಿದ್ದಕ್ಕೂ ಏಪ್ರಿಲ್‌ನಿಂದಾದ ವಿಳಂಬಕ್ಕೂ ತಿಂಗಳಿಗೆ ಶೇ 1ರಂತೆ ಸುಮಾರು 5,600 ರೂಪಾಯಿ ಬಡ್ಡಿ ಬೀಳುತ್ತದೆ. ಸಣ್ಣ ವ್ಯಾಪಾರದ ಲಾಭದಲ್ಲಿ ಇದು ಕಡಿಮೆ ಹಣವಲ್ಲ.

ನಿಜವಾದ ತೊಡಕಿರುವುದು ಅಂದಾಜಿನಲ್ಲಿ. ಪ್ರಸ್ತುತ ಅಂಕಣಕಾರರು ನೌಕರಿಯ ಜೊತೆಗೆ ಮನೆಯಿಂದಲೇ ನಡೆಸುವ ಚಟ್ನಿಪುಡಿ, ಹಪ್ಪಳದ ವ್ಯಾಪಾರದಲ್ಲಿ ಬೇಡಿಕೆ ಏರುವುದು ದಸರಾ, ದೀಪಾವಳಿಯ ಹೊತ್ತಿಗೆ. ಸೆಪ್ಟೆಂಬರ್ ಕಂತಿನ ಗಡುವು ಅದಕ್ಕೂ ಮುಂಚೆಯೇ ಬರುತ್ತದೆ, ಬಡ್ಡಿಯ ಲೆಕ್ಕವಾದರೋ ವರ್ಷಾಂತ್ಯದ ನಿಜ ಆದಾಯವನ್ನೇ ಆಧರಿಸುತ್ತದೆ. ಜೂನ್‌ನಲ್ಲಿ ಶೇ 12, ಸೆಪ್ಟೆಂಬರ್‌ನಲ್ಲಿ ಶೇ 36ರಷ್ಟಾದರೂ ಕಟ್ಟಿದವರಿಗೆ ಆ ಕಂತುಗಳ ಬಡ್ಡಿ ಇಲ್ಲವೆಂಬುದು ಕಾನೂನು ಕೊಟ್ಟಿರುವ ಒಳ್ಳೆಯ ಸಡಿಲಿಕೆ. ಹೀಗಿದ್ದರೂ ಅಂದಾಜು ಸ್ವಲ್ಪ ಮೇಲಕ್ಕಿರುವುದೇ ಕ್ಷೇಮ, ಏಕೆಂದರೆ ಹೆಚ್ಚು ಕಟ್ಟಿದ ಹಣ ಮರುಪಾವತಿಯಾಗಿ ಬರುತ್ತದೆ. ಬೆಲ್ಲ, ಕೊಬ್ಬರಿ, ಎಣ್ಣೆ, ಪೊಟ್ಟಣ, ಕೊರಿಯರ್‌ಗಳ ಖರ್ಚು ಕಳೆದು ಉಳಿದ ಲಾಭದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಪ್ರತಿ ತಿಂಗಳೂ ಬೇರೆ ಉಳಿತಾಯ ಖಾತೆಗೆ ಸರಿಸಿಡುವ ಪದ್ಧತಿ ಅಂಕಣಕಾರರಿಗೆ ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ನೆರವಾಗಿದೆ. ಯುಪಿಐ ಮೂಲಕ ಬಂದದ್ದು ಮನೆಖರ್ಚಿನ ಖಾತೆಯಲ್ಲೇ ಉಳಿದರೆ ಗಡುವಿನ ದಿನ ಅದು ಕೈಗೆ ಸಿಗುವುದಿಲ್ಲ.

ಖರ್ಚಿನ ಲೆಕ್ಕ ಬರೆದಿಡುವುದು ಕಷ್ಟವಾದವರಿಗೆ ಊಹಾತ್ಮಕ ಆದಾಯದ ಮಾರ್ಗವಿದೆ: ವಾರ್ಷಿಕ ವಹಿವಾಟು 2 ಕೋಟಿ ಮೀರದಿದ್ದರೆ ನಗದು ವಹಿವಾಟಿನ ಶೇ 8, ಡಿಜಿಟಲ್ ವಹಿವಾಟಿನ ಶೇ 6ರಷ್ಟನ್ನಾದರೂ ಲಾಭವೆಂದು ತೋರಿಸಿ, ಇಡೀ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಆದರೆ ವಿಮಾ ಏಜೆಂಟರ ಕಮಿಷನ್‌ನಂಥ ಆದಾಯಕ್ಕೆ ಇದು ಅನ್ವಯಿಸದು. ಇತರ ಆದಾಯವನ್ನು ನೌಕರಿಯ ಸಂಸ್ಥೆಗೆ ಲಿಖಿತವಾಗಿ ತಿಳಿಸಿ ಸಂಬಳದಲ್ಲೇ ಹೆಚ್ಚು ಕಡಿತ ಮಾಡಿಸಿಕೊಂಡರೆ ಕಂತಿನ ಚಿಂತೆಯೇ ತಪ್ಪುತ್ತದೆ. ಹೊರಗಿನ ವ್ಯಾಪಾರಕ್ಕೆ ಸಂಸ್ಥೆಯ ಒಪ್ಪಿಗೆಯಿರುವವರಿಗೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಹಣ ಕಟ್ಟುವಾಗ, ಸ್ವಯಂ ಮೌಲ್ಯಮಾಪನ ತೆರಿಗೆಯನ್ನಲ್ಲ, ಮುಂಗಡ ತೆರಿಗೆಯನ್ನೇ ಆಯ್ದುಕೊಂಡಿರುವುದನ್ನು ಓದುಗರು ಮತ್ತೊಮ್ಮೆ ನೋಡಿಕೊಳ್ಳಬೇಕು. ಮಾರ್ಚ್ 15ರ ಗಡುವು ತಪ್ಪಿದವರೂ ಕೈಚೆಲ್ಲಬೇಕಾಗಿಲ್ಲ. ಮಾರ್ಚ್ 31ರೊಳಗೆ ಕಟ್ಟಿದ್ದೆಲ್ಲವೂ ಮುಂಗಡ ತೆರಿಗೆಯೆಂದೇ ಪರಿಗಣಿತವಾಗುತ್ತದೆ.