ಎಲ್‌ಕೆಜಿ ಫೀ ಕಟ್ಟುವ ಮುನ್ನ ಜೂನ್ 1ರ ಲೆಕ್ಕ ಹಾಕಿ

ಕಾರಟಗಿ ಸೀಮೆಯ ಹಿರಿಯರ ದಾಖಲೆ ತೆಗೆದು ನೋಡಿ, ಎಷ್ಟೋ ಮಂದಿ ಹುಟ್ಟಿದ್ದು ಜೂನ್ 1ಕ್ಕೆ! ಸಾಲಿಗೆ ಹಚ್ಚಿದಾಗ ಮಾಸ್ತರರೇ ಬರೆದುಕೊಂಡ ತಾರೀಖು ಅದು. ಈಗ ಆ ಆಟ ನಡೆಯದು. ಆದರೆ ಕೂಸಿನ ವಯಸ್ಸು ಎಣಿಸುವುದು ಇಂದಿಗೂ ಜೂನ್ 1ಕ್ಕೇ.

ಆ ದಿನಕ್ಕೆ 6 ವರ್ಷ ತುಂಬಿದವರಿಗಷ್ಟೇ ಒಂದನೇ ತರಗತಿ ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶಿಸಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಎದ್ದು ಜಾರಿ 2025-26ಕ್ಕೆ ಹೋಯಿತು. ಆ ವರ್ಷ ಬಂದಾಗ ಮತ್ತೆ ಅದೇ ಕೂಗು. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅದೊಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಿ, ಮುಂದೆ ಸಡಿಲಿಕೆ ಇಲ್ಲ ಎಂದರು. ಇನ್ನೊಮ್ಮೆ ಸಡಿಲಿಸಿಯಾರು ಎಂದು ಕಾಯುವುದು ಜೂಜು.

ಮೊದಲ ಹೆಜ್ಜೆ ಲೆಕ್ಕ. ಜೂನ್ 1ಕ್ಕೆ ಎಲ್‌ಕೆಜಿಗೆ 4, ಯುಕೆಜಿಗೆ 5 ವರ್ಷ ತುಂಬಿರಬೇಕು. 2022ರ ಜುಲೈ 10ರಂದು ಹುಟ್ಟಿದ ಕೂಸನ್ನು 2026ರಲ್ಲೇ ಎಲ್‌ಕೆಜಿಗೆ ಕೂರಿಸಿದಿರಿ ಅನ್ನಿ. 2028ರ ಜೂನ್ 1ಕ್ಕೆ ಅದಕ್ಕೆ 5 ವರ್ಷ 10 ತಿಂಗಳು ಚಿಲ್ಲರೆ. ಒಂದನೇ ತರಗತಿಯ ಬಾಗಿಲಲ್ಲಿ ನಿಂತು, ಯುಕೆಜಿಯನ್ನೇ ಮತ್ತೊಮ್ಮೆ ಓದಬೇಕು. ಫೀ ಕೂಡ ಮತ್ತೊಮ್ಮೆ. ‘ಸೇರಿಸ್ರೀ, ಆಮೇಲೆ ನೋಡೋಣು’ ಎಂದವರು ಆಗ ಸಿಗುವುದಿಲ್ಲ.

ವಯಸ್ಸು ಸಾಲದಿದ್ದರೆ ಅಂಗನವಾಡಿ ಇದೆ, 3 ತುಂಬಿದರೆ ಶಾಲಾಪೂರ್ವ ಶಿಕ್ಷಣ ಅಲ್ಲೇ ಸಿಗುತ್ತದೆ. ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ 2024ರಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸುವ ಯೋಜನೆ ಬಂತು. ನಿಮ್ಮೂರ ಶಾಲೆ ಅದರಲ್ಲಿದೆಯೇ ಎಂದು ಮುಖ್ಯಗುರುಗಳನ್ನು ಕೇಳಿ.

ಎರಡನೆಯದು ಜನನ ಪ್ರಮಾಣಪತ್ರ. ಹೆಸರು, ತಾರೀಖು ಆಧಾರ್‌ಗೆ ಹೊಂದುತ್ತದೆಯೇ ಬೇಸಿಗೆಗೆ ಮೊದಲೇ ನೋಡಿಕೊಳ್ಳಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶಕ್ಕೆ ಜನ್ಮದಿನದ ಪುರಾವೆ ಈ ಪತ್ರವೇ. ಹೆರಿಗೆಯಾದ 21 ದಿನದೊಳಗೆ ನೋಂದಣಿ ಉಚಿತ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅಲೆದಾಟ ತಪ್ಪದು. ಹಾಗೆಂದು ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಒಂದನೇ ತರಗತಿಗೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತಿದು.

ಮೂರನೆಯದಾಗಿ, ಆಫೀಸ್ ಕೋಣೆಯಲ್ಲಿ ಕೂತು ಬರಬೇಡಿ, ತರಗತಿಯೊಳಗೆ ಹೋಗಿ. ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇದೆ: 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ, ಗಾಳಿ ಬೆಳಕಿನ ಕೋಣೆ, ಸುತ್ತುಗೋಡೆ, ಕುಡಿಯುವ ನೀರು, ಸೋಪಿಟ್ಟ ಶೌಚಾಲಯ. ತಗಡಿನ ಮಾಡಾಗಿದ್ದರೆ ಮಟಮಟ ಮಧ್ಯಾಹ್ನ ಹೋಗಿ ಹತ್ತು ನಿಮಿಷ ಕೂತು ನೋಡಿ. ನಮ್ಮ ಬಿಸಿಲಿನಲ್ಲಿ ಅದಕ್ಕಿಂತ ದೊಡ್ಡ ತಪಾಸಣೆ ಬೇಡ. ಸಿದ್ದಾಪುರ, ಮರ್ಲಾನಹಳ್ಳಿ ಕಡೆಯಿಂದ ವ್ಯಾನಿನಲ್ಲಿ ಬರುವ ಕೂಸಾದರೆ, ವ್ಯಾನಿನಲ್ಲಿ ಎಷ್ಟು ಮಕ್ಕಳು, ಜತೆಗೆ ದೊಡ್ಡವರು ಯಾರು ಎಂದೂ ಕೇಳಿ.

ಶಾಲೆಯ ನೋಂದಣಿ, ಮಾನ್ಯತೆ ಯಾವ ತರಗತಿಯವರೆಗಿದೆ ಎಂಬುದನ್ನು ಕಾಗದದಲ್ಲೇ ನೋಡಿ. ಒಂದನೇ ತರಗತಿಗೆ ಮಗುವನ್ನು ಪರೀಕ್ಷಿಸಿ, ಸಂದರ್ಶಿಸಿ ಆರಿಸಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ. ದೂರಿದ್ದರೆ ಬಿಇಒ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೇ ಬನ್ನಿ.