ತೈಲ–ಅನಿಲ ಷೇರು: ಕೊಳ್ಳುವ ಮುನ್ನ ಏನೇನು ನೋಡಬೇಕು?

ತೈಲ ಮತ್ತು ಅನಿಲ ಕಂಪನಿಗಳ ಷೇರುಗಳು ಸಣ್ಣ ಹೂಡಿಕೆದಾರರಿಗೆ ಎರಡು ಕಾರಣಕ್ಕೆ ಹಿಡಿಸುತ್ತವೆ. ಹಲವು ಕಂಪನಿಗಳು ಒಳ್ಳೆಯ ಲಾಭಾಂಶ ಕೊಡುತ್ತವೆ. ಗಳಿಕೆಗೆ ಹೋಲಿಸಿದರೆ ಷೇರಿನ ಬೆಲೆಯೂ ಕಡಿಮೆ ಎನ್ನಿಸುತ್ತದೆ. ಹಾಗಿದ್ದೂ ಈ ವಲಯದಲ್ಲಿ ಕೈ ಸುಟ್ಟುಕೊಂಡವರು ಬಹಳ. ಕಚ್ಚಾ ತೈಲದ ಬೆಲೆ ಏರಿದರೆ ಎಲ್ಲ ತೈಲ ಕಂಪನಿಗಳಿಗೂ ಲಾಭ ಎಂಬ ಲೆಕ್ಕಾಚಾರವೇ ತಪ್ಪು. ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ಭಾರತದಲ್ಲಿ, ಅದೇ ಬೆಲೆ ಏರಿಕೆ ಒಂದು ಕಂಪನಿಯ ಬೊಕ್ಕಸ ತುಂಬಿಸಿ ಇನ್ನೊಂದರದ್ದನ್ನು ಬರಿದು ಮಾಡಬಲ್ಲದು. ಆದ್ದರಿಂದ ಆಯ್ಕೆ ಶುರುವಾಗಬೇಕಾದ್ದು ತೈಲದ ಬೆಲೆಯಿಂದಲ್ಲ, ಕಂಪನಿಯ ಕಸುಬಿನಿಂದ.

ಹಂತ 1: ಕಂಪನಿಯ ಕಸುಬು ಯಾವುದು?

ಮೊದಲ ಗುಂಪು ಬಾವಿ ಕೊರೆದು ತೈಲ, ಅನಿಲ ತೆಗೆಯುವ ಕಂಪನಿಗಳದ್ದು. ಒಎನ್‌ಜಿಸಿ, ಆಯಿಲ್ ಇಂಡಿಯಾ ಈ ಸಾಲಿನವು. ತೈಲ ತೆಗೆಯುವ ಖರ್ಚು ದಿಢೀರನೆ ಬದಲಾಗುವುದಿಲ್ಲ. ಹಾಗಾಗಿ ಕಚ್ಚಾ ತೈಲ ತುಟ್ಟಿಯಾದಷ್ಟೂ ಇವುಗಳಿಗೆ ಅನುಕೂಲ.

ಎರಡನೆಯ ಗುಂಪು ಕಚ್ಚಾ ತೈಲ ಕೊಂಡು, ಸಂಸ್ಕರಿಸಿ, ಬಂಕ್‌ಗಳಲ್ಲಿ ಮಾರುವ ಐಒಸಿ, ಬಿಪಿಸಿಎಲ್, ಎಚ್‌ಪಿಸಿಎಲ್‌ಗಳದ್ದು. ಕಚ್ಚಾ ತೈಲದ ಬೆಲೆ ಏರಿದಾಗ ಬಂಕ್ ದರ ಏರದಿದ್ದರೆ ಇವು ನಷ್ಟ ಹೊರಬೇಕು. ಮಂಗಳೂರಿನ ಎಂಆರ್‌ಪಿಎಲ್, ಚೆನ್ನೈ ಪೆಟ್ರೋಲಿಯಂ ಇದೇ ಗುಂಪಿಗೆ ಸೇರಿದರೂ ಬಂಕ್ ವ್ಯಾಪಾರಕ್ಕಿಂತ ಸಂಸ್ಕರಣೆಯನ್ನೇ ನೆಚ್ಚಿಕೊಂಡಿವೆ.

ಮೂರನೆಯದು ಸಾಗಣೆ. ದಾಬೋಲ್–ಬೆಂಗಳೂರು ಕೊಳವೆ ಮಾರ್ಗ ಗೇಲ್ ಕಂಪನಿಯದ್ದು. ಹಡಗಿನಲ್ಲಿ ಬರುವ ದ್ರವೀಕೃತ ಅನಿಲವನ್ನು ದಹೇಜ್ ಮತ್ತು ಕೊಚ್ಚಿಯಲ್ಲಿ ಇಳಿಸಿಕೊಳ್ಳುವ ಟರ್ಮಿನಲ್‌ಗಳು ಪೆಟ್ರೊನೆಟ್ ಎಲ್‌ಎನ್‌ಜಿಯವು. ಸಾಗಿಸಿದ ಪ್ರಮಾಣಕ್ಕೆ ತಕ್ಕ ಶುಲ್ಕ ಸಿಗುವುದರಿಂದ ಈ ಕಸುಬಿನ ಆದಾಯ ತುಸು ಸ್ಥಿರ. ಗೇಲ್ ಅನಿಲವನ್ನು ಕೊಂಡು ಮಾರುವ ವ್ಯಾಪಾರವನ್ನೂ ನಡೆಸುತ್ತದೆ ಎಂಬುದನ್ನು ಮರೆಯುವಂತಿಲ್ಲ.

ನಾಲ್ಕನೆಯದು ಮನೆಗೆ ಕೊಳವೆ ಅನಿಲ, ವಾಹನಕ್ಕೆ ಸಿಎನ್‌ಜಿ ಪೂರೈಸುವ ನಗರ ಅನಿಲ ಕಂಪನಿಗಳದ್ದು: ದೆಹಲಿಯ ಇಂದ್ರಪ್ರಸ್ಥ ಗ್ಯಾಸ್, ಮುಂಬೈನ ಮಹಾನಗರ ಗ್ಯಾಸ್ ಇತ್ಯಾದಿ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಗೇಲ್ ಗ್ಯಾಸ್ ಷೇರುಪೇಟೆಯಲ್ಲಿಲ್ಲ. ಅದು ಗೇಲ್‌ನ ಅಂಗಸಂಸ್ಥೆ.

ರಿಲಯನ್ಸ್‌ನದ್ದು ಬೇರೆಯೇ ಲೆಕ್ಕ. ಜಾಮ್‌ನಗರದಲ್ಲಿ ಬೃಹತ್ ರಿಫೈನರಿ ಇದ್ದರೂ ಜಿಯೊ ಮತ್ತು ಚಿಲ್ಲರೆ ಮಾರಾಟದ ಪಾಲು ದೊಡ್ಡದಾಗಿರುವುದರಿಂದ ಅದನ್ನು ಬರೀ ತೈಲ ಷೇರು ಎಂದು ಕೊಳ್ಳುವುದು ಸರಿಯಲ್ಲ.

ಹಂತ 2: ಸರ್ಕಾರದ ಕೈ ಎಲ್ಲಿದೆ?

ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರಲ್ಲಿ ಸರ್ಕಾರದ ನಿಯಂತ್ರಣದಿಂದ ಹೊರಬಂದವು. ಆದರೆ 2022ರಲ್ಲಿ ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ ತುಟ್ಟಿಯಾದಾಗ ಸರ್ಕಾರಿ ಕಂಪನಿಗಳು ಬಂಕ್ ದರವನ್ನು ಅದಕ್ಕೆ ತಕ್ಕಂತೆ ಏರಿಸಲಿಲ್ಲ. ಆ ವರ್ಷದ ಏಪ್ರಿಲ್–ಜೂನ್ ತ್ರೈಮಾಸಿಕ ಒಂದರಲ್ಲೇ ಎಚ್‌ಪಿಸಿಎಲ್ 10,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟ ತೋರಿಸಿತು. ತೈಲ ಇಳಿದ ಮೇಲೆ 2023–24ರಲ್ಲಿ ಇವೇ ಕಂಪನಿಗಳು ಭಾರಿ ಲಾಭ ಕಂಡವು. ಅಡುಗೆ ಅನಿಲವನ್ನು ಕಡಿಮೆ ದರಕ್ಕೆ ಮಾರಿದ್ದಕ್ಕೆ ಸರ್ಕಾರ 2022ರಲ್ಲಿ 22,000 ಕೋಟಿ ರೂಪಾಯಿ ಪರಿಹಾರ ಕೊಟ್ಟಿತು. 2025ರಲ್ಲಿ 30,000 ಕೋಟಿಗೆ ಒಪ್ಪಿಗೆ ನೀಡಿತು. ಪರಿಹಾರ ಬರುತ್ತದೆ, ಆದರೆ ಯಾವಾಗ, ಎಷ್ಟು ಎಂಬುದು ಷೇರುದಾರರ ಕೈಯಲ್ಲಿಲ್ಲ.

ತೈಲ ತೆಗೆಯುವ ಕಂಪನಿಗಳಿಗೂ ಸರ್ಕಾರದ ಹಸ್ತಕ್ಷೇಪದಿಂದ ವಿನಾಯಿತಿಯಿಲ್ಲ. 2022ರ ಜುಲೈನಲ್ಲಿ ಅವುಗಳ ಅನಿರೀಕ್ಷಿತ ಲಾಭದ ಮೇಲೆ ವಿಶೇಷ ತೆರಿಗೆ ಬಿತ್ತು. ಅದು ರದ್ದಾದದ್ದು 2024ರ ಡಿಸೆಂಬರ್‌ನಲ್ಲಿ. ಹಳೆಯ ಕ್ಷೇತ್ರಗಳ ಅನಿಲದ ದರಕ್ಕೆ 2023ರ ಏಪ್ರಿಲ್‌ನಿಂದ ಮೇಲ್ಮಿತಿ ಇದೆ. ಸರ್ಕಾರ 2024ರ ಅಕ್ಟೋಬರ್, ನವೆಂಬರ್‌ನಲ್ಲಿ ಅಗ್ಗದ ದೇಶೀಯ ಅನಿಲದ ಹಂಚಿಕೆ ಕಡಿತ ಮಾಡಿದಾಗ ನಗರ ಅನಿಲ ಕಂಪನಿಗಳ ಷೇರುಗಳು ತೀವ್ರವಾಗಿ ಕುಸಿದವು. ಹೀಗಾಗಿ ಪ್ರತಿ ಕಂಪನಿಯ ವಿಷಯದಲ್ಲೂ ಎರಡು ಪ್ರಶ್ನೆ ಕೇಳಬೇಕು: ಮಾರುವ ಸರಕಿನ ದರ ನಿಗದಿ ಮಾಡುವವರು ಯಾರು? ಕೊಳ್ಳುವ ಸರಕು ಯಾರ ಹಂಚಿಕೆಯಿಂದ ಬರುತ್ತದೆ?

ಹಂತ 3: ಕಸುಬಿಗೆ ತಕ್ಕ ಅಳತೆಗೋಲು

ತೈಲ ತೆಗೆಯುವ ಕಂಪನಿಯಲ್ಲಿ ನೋಡಬೇಕಾದ್ದು ಬ್ಯಾರೆಲ್‌ಗೆ ಕೈಗೆ ಸಿಕ್ಕ ಬೆಲೆ ಮತ್ತು ಉತ್ಪಾದನೆಯ ಪ್ರಮಾಣ. 1974ರಲ್ಲಿ ತೈಲ ಪತ್ತೆಯಾದ ಮುಂಬೈ ಹೈ ಇಂದಿಗೂ ಒಎನ್‌ಜಿಸಿಯ ಮುಖ್ಯ ಆಸರೆ. ಹಳೆಯ ಬಾವಿಗಳ ಇಳುವರಿ ತಗ್ಗುವುದು ಸಹಜವಾದ್ದರಿಂದ, ತೆಗೆದಷ್ಟು ತೈಲಕ್ಕೆ ಸಮನಾದ ಹೊಸ ನಿಕ್ಷೇಪ ಪ್ರತಿವರ್ಷ ಸೇರುತ್ತಿದೆಯೇ ಎಂಬುದನ್ನು ವಾರ್ಷಿಕ ವರದಿಯಲ್ಲಿ ಹುಡುಕಬೇಕು. ಸಾಗಣೆ ಕಂಪನಿಯಲ್ಲಿ ಕೊಳವೆ ಅಥವಾ ಟರ್ಮಿನಲ್‌ನ ಸಾಮರ್ಥ್ಯದಲ್ಲಿ ಎಷ್ಟು ಪಾಲು ಬಳಕೆಯಾಗುತ್ತಿದೆ ಎಂಬುದು ಮುಖ್ಯ. ನಗರ ಅನಿಲ ಕಂಪನಿಯಲ್ಲಿ ದಿನದ ಮಾರಾಟ ಪ್ರಮಾಣ ಮತ್ತು ಪ್ರತಿ ಘನ ಮೀಟರ್‌ಗೆ ಉಳಿಯುವ ಲಾಭ ನೋಡಬೇಕು.

ರಿಫೈನರಿಗಳಿಗೆ ನಿರ್ಣಾಯಕವಾದದ್ದು ಜಿಆರ್‌ಎಂ, ಅಂದರೆ ಒಂದು ಬ್ಯಾರೆಲ್ ಕಚ್ಚಾ ತೈಲಕ್ಕೆ ಕೊಟ್ಟ ಬೆಲೆಗೂ ಅದರಿಂದ ಬಂದ ಪೆಟ್ರೋಲ್, ಡೀಸೆಲ್ ಮುಂತಾದವುಗಳ ಒಟ್ಟು ಬೆಲೆಗೂ ಇರುವ ವ್ಯತ್ಯಾಸ. ಇದರ ತೂಕ ತಿಳಿಯಲು ಎಂಆರ್‌ಪಿಎಲ್ ಒಳ್ಳೆಯ ಉದಾಹರಣೆ. ಅದರ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್. ಟನ್ನಿಗೆ ಸುಮಾರು 7.3 ಬ್ಯಾರೆಲ್‌ನಂತೆ 11 ಕೋಟಿ ಬ್ಯಾರೆಲ್. ಡಾಲರ್‌ಗೆ 85 ರೂಪಾಯಿ ಎಂದಿಟ್ಟುಕೊಂಡರೆ, ಜಿಆರ್‌ಎಂನಲ್ಲಿ ಒಂದೇ ಒಂದು ಡಾಲರ್ ಇಳಿದರೂ ವರ್ಷದ ಗಳಿಕೆಯಲ್ಲಿ ತೆರಿಗೆಗೆ ಮುಂಚೆ 935 ಕೋಟಿ ರೂಪಾಯಿ ಖೋತಾ. 2023–24ರಲ್ಲಿ ಸುಮಾರು 10 ಡಾಲರ್ ಇದ್ದ ಜಿಆರ್‌ಎಂ ಮರುವರ್ಷ 4.5 ಡಾಲರ್ ಆಸುಪಾಸಿಗೆ ಇಳಿಯಿತು. ಸುಮಾರು 3,600 ಕೋಟಿ ರೂಪಾಯಿ ಇದ್ದ ನಿವ್ವಳ ಲಾಭ 50 ಕೋಟಿ ಆಸುಪಾಸಿಗೆ ಬಂದು ನಿಂತಿತು. ಯಂತ್ರಗಳು ಅವೇ, ದುಡಿಮೆಯೂ ನಿಂತಿರಲಿಲ್ಲ. ಬದಲಾದದ್ದು ಮಾರುಕಟ್ಟೆಯ ಆ ವ್ಯತ್ಯಾಸ ಮಾತ್ರ.

ಹಂತ 4: ಅಗ್ಗವೋ, ಅಗ್ಗದಂತೆ ಕಾಣುತ್ತಿದೆಯೋ?

ಬೇರೆ ವಲಯಗಳಲ್ಲಿ ಪಿಇ ಅನುಪಾತ, ಅಂದರೆ ಷೇರಿನ ಬೆಲೆಗೂ ಪ್ರತಿ ಷೇರಿನ ಗಳಿಕೆಗೂ ಇರುವ ಅನುಪಾತ, ಕಡಿಮೆ ಇದ್ದರೆ ಷೇರು ಅಗ್ಗ ಎನ್ನುವುದುಂಟು. ಲಾಭ ಹೀಗೆ ಏರಿಳಿಯುವ ವಲಯದಲ್ಲಿ ಆ ಲೆಕ್ಕ ಮೋಸ ಮಾಡುತ್ತದೆ. ಲಾಭ ಉತ್ತುಂಗದಲ್ಲಿರುವ ವರ್ಷವೇ ಪಿಇ ಅತಿ ಕಡಿಮೆ ಕಾಣುತ್ತದೆ. ಲಾಭ ಕರಗಿದ ವರ್ಷ ಅದೇ ಷೇರು ವಿಪರೀತ ದುಬಾರಿ ಎನ್ನಿಸುತ್ತದೆ. ಕಳೆದ ಏಳೆಂಟು ವರ್ಷಗಳ ಸರಾಸರಿ ಲಾಭಕ್ಕೆ ಇಂದಿನ ಬೆಲೆಯನ್ನು ಹೋಲಿಸುವುದು, ಜೊತೆಗೆ ಪುಸ್ತಕ ಮೌಲ್ಯ ಮತ್ತು ಸಾಲವನ್ನು ನೋಡುವುದು ಹೆಚ್ಚು ಭದ್ರ.

ಲಾಭಾಂಶಕ್ಕೂ ಇದೇ ಎಚ್ಚರಿಕೆ ಬೇಕು. ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿಯಂತೆ ಸರ್ಕಾರಿ ಕಂಪನಿಗಳು ನಿವ್ವಳ ಲಾಭದ ಶೇ 30 ಅಥವಾ ನಿವ್ವಳ ಮೌಲ್ಯದ ಶೇ 4, ಇವೆರಡರಲ್ಲಿ ಹೆಚ್ಚಿನದನ್ನು ಹಂಚಬೇಕು. ಆದರೂ ಲಾಭ ಕುಸಿದರೆ ಲಾಭಾಂಶವೂ ಇಳಿಯುತ್ತದೆ. ಒಂದು ವರ್ಷದ ಲಾಭಾಂಶ ನೋಡಿ ಬ್ಯಾಂಕ್ ಠೇವಣಿಯ ಬಡ್ಡಿಗೆ ಹೋಲಿಸಬಾರದು. ಕೆಟ್ಟ ವರ್ಷಗಳಲ್ಲಿ ಎಷ್ಟು ಕೊಟ್ಟಿದೆ ಎಂಬುದೇ ನಿಜವಾದ ಪರೀಕ್ಷೆ.

ಹಂತ 5: ಷೇರೋ, ಫಂಡೋ?

ತ್ರೈಮಾಸಿಕ ವರದಿ ಓದುವ ವ್ಯವಧಾನ ಇರುವವರಿಗೆ ಬಿಡಿ ಷೇರು ಸರಿ. ಆಗ ಬೇರೆ ಬೇರೆ ಕಸುಬಿನ ಎರಡು ಮೂರು ಕಂಪನಿಗಳನ್ನು ಆರಿಸಬೇಕು. ಎಚ್‌ಪಿಸಿಎಲ್ ಮತ್ತು ಎಂಆರ್‌ಪಿಎಲ್ ಎರಡೂ ಒಎನ್‌ಜಿಸಿಯ ಅಂಗಸಂಸ್ಥೆಗಳು. ಮೂರನ್ನೂ ಕೊಂಡರೆ ಅಪಾಯ ಹಂಚಿಹೋದಂತೆ ಕಂಡರೂ ದುಡ್ಡು ಬಹುಮಟ್ಟಿಗೆ ಒಂದೇ ಮನೆಯಲ್ಲಿ ಇರುತ್ತದೆ.

ವ್ಯವಧಾನ ಇಲ್ಲದವರಿಗೆ ನಿಫ್ಟಿ ಆಯಿಲ್ ಆ್ಯಂಡ್ ಗ್ಯಾಸ್ ಸೂಚ್ಯಂಕವನ್ನು ಅನುಸರಿಸುವ ಇಟಿಎಫ್ ಅಥವಾ ಇಂಡೆಕ್ಸ್ ಫಂಡ್ ಅನುಕೂಲ. ಆ ಸೂಚ್ಯಂಕದಲ್ಲಿ 15 ಕಂಪನಿಗಳಿವೆ. ಮರುಹೊಂದಿಕೆಯ ಹೊತ್ತಿಗೆ ಒಂದೇ ಕಂಪನಿಗೆ ಶೇ 33ರವರೆಗೆ ಪಾಲು ಇರಬಹುದು ಎಂಬ ನಿಯಮವಿರುವುದರಿಂದ ರಿಲಯನ್ಸ್‌ನ ತೂಕವೇ ದೊಡ್ಡದು. ‘ಎನರ್ಜಿ’ ಹೆಸರಿನ ಮ್ಯೂಚುವಲ್ ಫಂಡ್‌ಗಳಲ್ಲಿ ವಿದ್ಯುತ್, ಕಲ್ಲಿದ್ದಲು, ಸೌರಶಕ್ತಿ ಕಂಪನಿಗಳೂ ಸೇರಿರಬಹುದು. ಸೆಬಿ ನಿಯಮದಂತೆ ಇಂಥ ಫಂಡ್ ತನ್ನ ಹಣದ ಕನಿಷ್ಠ ಶೇ 80ರಷ್ಟನ್ನು ಆ ವಿಷಯಕ್ಕೆ ಸೇರಿದ ಷೇರುಗಳಲ್ಲೇ ಹಾಕಬೇಕು. ಹಾಗಾಗಿ ವಲಯ ಬಿದ್ದಾಗ ಫಂಡ್ ಮ್ಯಾನೇಜರ್ ಹೊರಗೆ ಓಡುವಂತಿಲ್ಲ. ಫಂಡ್ ಆರಿಸುವಾಗ ವೆಚ್ಚದ ಅನುಪಾತ ಮತ್ತು ತಿಂಗಳ ವರದಿಯಲ್ಲಿನ ಮೊದಲ ಹತ್ತು ಷೇರುಗಳನ್ನು ನೋಡಬೇಕು. ಇಟಿಎಫ್ ಆದರೆ ದಿನದ ವಹಿವಾಟು ಸಾಕಷ್ಟಿದೆಯೇ ಎಂಬುದನ್ನೂ ಗಮನಿಸಬೇಕು.

ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನ ಕಚ್ಚಾ ತೈಲ ಫ್ಯೂಚರ್ಸ್ ಷೇರಿಗೆ ಬದಲಿಯಲ್ಲ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಒಂದು ಒಪ್ಪಂದ ಬ್ಯಾರೆಲ್‌ಗೆ ಸೊನ್ನೆಗಿಂತ 2,884 ರೂಪಾಯಿ ಕೆಳಗೆ ಚುಕ್ತಾ ಆಯಿತು. ಕೊಂಡವರು ಹಾಕಿದ ಹಣ ಕಳೆದುಕೊಂಡಿದ್ದಲ್ಲದೆ ಮೇಲೆ ತೆರಬೇಕಾಯಿತು.

ಹಂತ 6: ಎಷ್ಟು ಪಾಲು?

ಮೊದಲು ಈಗಾಗಲೇ ಎಷ್ಟಿದೆ ಎಂದು ಎಣಿಸಬೇಕು. ನಿಫ್ಟಿ 50 ಇಂಡೆಕ್ಸ್ ಫಂಡ್ ಇರುವವರ ಬಳಿ ರಿಲಯನ್ಸ್, ಒಎನ್‌ಜಿಸಿ ಷೇರುಗಳು ಆಗಲೇ ಇವೆ. ಅದರ ಮೇಲೆ ಪ್ರತ್ಯೇಕವಾಗಿ ಸೇರಿಸುವ ಪಾಲು ಒಟ್ಟು ಷೇರು ಹೂಡಿಕೆಯ ಶೇ 5ರ ಆಸುಪಾಸಿನಲ್ಲಿದ್ದು, ಶೇ 10 ದಾಟದಿರುವುದು ಕ್ಷೇಮ. 10 ಲಕ್ಷ ರೂಪಾಯಿಯಲ್ಲಿ 50,000 ಇಲ್ಲಿದ್ದರೆ, ಬೆಲೆ ಅರ್ಧಕ್ಕೆ ಇಳಿದರೂ ಒಟ್ಟು ನಷ್ಟ ಶೇ 2.5. ಅದೇ 4 ಲಕ್ಷ ಇದ್ದರೆ ನಷ್ಟ ಶೇ 20. ಐದು ವರ್ಷದೊಳಗೆ ಬೇಕಾಗುವ ಮದುವೆ, ಮನೆ, ಓದಿನ ಖರ್ಚಿನ ಹಣ ಇಲ್ಲಿಗೆ ಬರಬಾರದು.

ಹಂತ 7: ಕೊಳ್ಳುವುದು, ತೆರಿಗೆ, ಮರುಪರಿಶೀಲನೆ

ನಿಗದಿಪಡಿಸಿದ ಮೊತ್ತವನ್ನು ಒಂದೇ ಸಲ ಹಾಕದೆ ಆರರಿಂದ ಹನ್ನೆರಡು ಕಂತುಗಳಲ್ಲಿ ಹಾಕಬೇಕು. ಕೊಳ್ಳುವ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಆ ಕಾರಣ ಉಳಿದಿದೆಯೇ ಎಂದು ವರ್ಷಕ್ಕೆ ಎರಡು ಬಾರಿ ನೋಡಿದರೆ ಸಾಕು. ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆಯನ್ನು ಪೆಟ್ರೋಲಿಯಂ ಸಚಿವಾಲಯದ ಪಿಪಿಎಸಿ ಪ್ರಕಟಿಸುತ್ತದೆ. ಉಳಿದ ಅಂಕಿಗಳು ಕಂಪನಿಗಳ ತ್ರೈಮಾಸಿಕ ವರದಿಯಲ್ಲಿ ಸಿಗುತ್ತವೆ.

2024ರ ಜುಲೈ 23ರಿಂದ ಜಾರಿಗೆ ಬಂದ ದರದಂತೆ, 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ 20, ಆಮೇಲೆ ಮಾರಿದರೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ 12.5 ತೆರಿಗೆ. ಲಾಭಾಂಶಕ್ಕೆ ಆದಾಯದ ಸ್ಲ್ಯಾಬ್‌ನಂತೆ ತೆರಿಗೆ. ಶೇ 30ರ ಸ್ಲ್ಯಾಬ್‌ನವರ ಕೈಯಲ್ಲಿ ಅದರ ಶೇ 70ರಷ್ಟೂ ಉಳಿಯುವುದಿಲ್ಲ. ವಲಯದ ಪಾಲು ಮಿತಿ ದಾಟಿ ಬೆಳೆದರೆ ಹೆಚ್ಚಾದಷ್ಟನ್ನು ಮಾರಬೇಕು. ಕೊಳ್ಳಲು ಕಾರಣವಾಗಿದ್ದ ನೀತಿಯೋ ಕಸುಬೋ ಬದಲಾಗಿದ್ದರೆ ನಷ್ಟದಲ್ಲಿದ್ದರೂ ಹೊರಬರಬೇಕು. ಬೆಲೆ ಮಾತ್ರ ಇಳಿದು ಕಾರಣ ಹಾಗೇ ಇದ್ದರೆ ಕಂತುಗಳನ್ನು ಮುಂದುವರಿಸಬೇಕು.