ಬೀಗದ ಕೈ ಕೊಡುವ ಮೊದಲು

ಪ್ರಶ್ನೆ: ನನ್ನ ತಂಗಿಯ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಗಂಡ ಮತ್ತು ನಾಲ್ಕು ವರ್ಷದ ಮಗನ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಮನೆ ಮಾರುತ್ತೇನೆ, ಖಾಲಿ ಮಾಡಿ ಎಂದು ಓನರ್ ನೋಟಿಸ್ ಕೊಟ್ಟಿದ್ದಾನಂತೆ. ಬೇರೆ ಮನೆಗಳ ಬಾಡಿಗೆ ಕೈಗೆಟುಕುತ್ತಿಲ್ಲ. ಫೋನಿನಲ್ಲಿ ನಾನು ಗಾಬರಿಯಾದಾಗ "ಬೀದಿಗೇನೂ ಬೀಳಲ್ಲ ದೊಡ್ಡಮ್ಮ, ಇಲ್ಲಿ ಕೌನ್ಸಿಲ್‌ನವರು ನೋಡ್ಕೋತಾರೆ" ಅಂದಳು. ಕೌನ್ಸಿಲ್ ಎಂದರೆ ನಮ್ಮ ನಗರಸಭೆಯಂಥದ್ದೇ ಅಲ್ಲವೆ? ಅದು ಮನೆ ಇಲ್ಲದವರಿಗೆ ಮನೆ ಕೊಡುತ್ತದೆಯೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮನೆ ಕಳೆದುಕೊಳ್ಳುವವರನ್ನು ಕೌನ್ಸಿಲ್ ವಿಚಾರಿಸಲೇಬೇಕು ಎಂಬುದು ನಿಜ. ಕಾನೂನೇ ಆ ಹೊಣೆ ಹೊರಿಸಿದೆ. ಆದರೆ ನಿಮ್ಮ ಹುಡುಗಿಗೆ ಅದರಿಂದ ಎಷ್ಟು ಆಸರೆ ಸಿಕ್ಕೀತು ಎಂಬುದು ಅವಳ ವೀಸಾದಲ್ಲಿರುವ ಒಂದು ಸಾಲಿಗೆ ಅಂಟಿಕೊಂಡಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ನೀವು ಇವತ್ತೇ ಅವಳಿಗೆ ಹೇಳಬೇಕಾದ ಮಾತೊಂದಿದೆ: ನೋಟಿಸಿನ ಗಡುವು ಮುಗಿಯಿತೆಂದು ಸಾಮಾನು ಕಟ್ಟಿ, ಬೀಗದ ಕೈ ಓನರ್ ಕೈಗಿಟ್ಟು ಹೊರಟುಬಿಡಬೇಡ.

ಇದು ನಮ್ಮವರಿಗೆ ಕಷ್ಟದ ಮಾತು. ಓನರ್ ಬಾಯಿಬಿಟ್ಟು ಹೇಳಿದ ಮೇಲೆ ಮಾತು ಬೆಳೆಸದೆ ಮನೆ ಬಿಟ್ಟುಕೊಡುವುದೇ ಮರ್ಯಾದೆ ಎಂದು ಬೆಳೆದವರು ನಾವು. ಕೋರ್ಟು ಕಚೇರಿ ಅಂದರೆ ಮಾನ ಹೋದ ಹಾಗೆ. ಇಂಗ್ಲೆಂಡಿನಲ್ಲಿ ಈ ಮರ್ಯಾದೆಯೇ ಮುಳುವಾಗುತ್ತದೆ. ಇನ್ನೂ ಇರಲು ಹಕ್ಕಿದ್ದ ಮನೆಯನ್ನು ತಾವಾಗಿ ಬಿಟ್ಟು ಬಂದವರನ್ನು 'ಬೇಕೆಂದೇ ಮನೆ ಕಳೆದುಕೊಂಡವರು' ಎಂದು ಕೌನ್ಸಿಲ್ ತೀರ್ಮಾನಿಸಬಹುದು. ಆ ಹಣೆಪಟ್ಟಿ ಬಿದ್ದರೆ ಮುಂದಿನ ದೊಡ್ಡ ನೆರವೆಲ್ಲ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ.

ಅಲ್ಲಿ ನೋಟಿಸ್ ಅಂದರೆ ಓನರ್ ತನ್ನ ಇರಾದೆ ತಿಳಿಸಿದ ಕಾಗದ, ಅಷ್ಟೆ. ಗಡುವು ಕಳೆದ ಮೇಲೂ ಬಾಡಿಗೆದಾರ ಹೊರಡದಿದ್ದರೆ ಓನರ್ ಕೋರ್ಟಿಗೆ ಹೋಗಿ ಸ್ವಾಧೀನದ ಆದೇಶ ತರಬೇಕು. ಅದಕ್ಕೂ ಜಗ್ಗದಿದ್ದರೆ ಕೋರ್ಟಿನ ಅಮೀನರು, ಅಲ್ಲಿನ ಮಾತಿನಲ್ಲಿ ಬೇಲಿಫ್, ಬಂದು ಬಿಡಿಸಬೇಕು. ಇದನ್ನೆಲ್ಲ ಬಿಟ್ಟು ಓನರ್ ತಾನೇ ಬೀಗ ಬದಲಿಸಿದರೆ, ಸಾಮಾನು ಹೊರಗೆಸೆದರೆ, 1977ರ ಒಂದು ಕಾಯ್ದೆಯಂತೆ ಅದು ಅಪರಾಧ. ಕಾರಣವನ್ನೇ ಹೇಳದೆ ಎರಡು ತಿಂಗಳಲ್ಲಿ ಬಿಡಿಸುವ ಸೆಕ್ಷನ್ 21 ಎಂಬ ನೋಟಿಸ್ ದಶಕಗಳ ಕಾಲ ಲಕ್ಷಾಂತರ ಸಂಸಾರಗಳ ನಿದ್ದೆ ಕೆಡಿಸಿತ್ತು. 2025ರ ರೆಂಟರ್ಸ್ ರೈಟ್ಸ್ ಕಾಯ್ದೆ 2026ರ ಮೇ 1ರಿಂದ ಅದನ್ನು ತೆಗೆದುಹಾಕುತ್ತದೆ. ಆ ಕಾಯ್ದೆಯ ಪ್ರಕಾರ, ಮಾರುವುದಕ್ಕೆಂದು ಬಿಡಿಸುವುದಾದರೆ ನಾಲ್ಕು ತಿಂಗಳ ನೋಟಿಸ್ ಕೊಡಬೇಕು, ಬಾಡಿಗೆ ಶುರುವಾದ ಮೊದಲ ವರ್ಷದಲ್ಲಿ ಆ ಕಾರಣಕ್ಕೆ ಬಿಡಿಸುವಂತಿಲ್ಲ. ನೋಟಿಸ್ ಯಾವ ತಾರೀಖಿನದು, ಯಾವ ನಮೂನೆಯದು ಎಂಬುದನ್ನು ಅವಳು ತಿಳಿದವರಿಗೆ ತೋರಿಸಲೇಬೇಕು. ತಪ್ಪು ನೋಟಿಸುಗಳು ಧಾರಾಳವಾಗಿರುತ್ತವೆ. ಆದರೆ ಬಾಡಿಗೆ ಮಾತ್ರ ತಪ್ಪದೆ ಕಟ್ಟುತ್ತಿರಬೇಕು. ಕೋರ್ಟಿನ ಖರ್ಚು ಕೊನೆಗೆ ಬಾಡಿಗೆದಾರರ ತಲೆಗೆ ಬರುವುದುಂಟು, ಅದೂ ತಿಳಿದಿರಲಿ.

ಒಂದು ಎಚ್ಚರ. ಓನರ್ ಇರುವ ಮನೆಯಲ್ಲೇ ಒಂದು ಕೋಣೆ ಹಿಡಿದು, ಅಡುಗೆಮನೆ ಬಚ್ಚಲುಮನೆ ಹಂಚಿಕೊಂಡಿರುವವರಿಗೆ ಈ ರಕ್ಷಣೆ ಇಲ್ಲ. ಅವರಿಗೆ ನ್ಯಾಯವೆನಿಸುವಷ್ಟು ಮುಂಗಡ ಸೂಚನೆ ಕೊಟ್ಟರೆ ಸಾಕು. ಓದಲು ಹೋದ ನಮ್ಮ ಹುಡುಗರು ಹಲವರು ಇರುವುದು ಹೀಗೆಯೇ.

ಇನ್ನು ನಿಮ್ಮ ಮೂಲ ಪ್ರಶ್ನೆ. ಕೌನ್ಸಿಲ್ ನಮ್ಮ ನಗರಸಭೆಯಂಥದ್ದೇ. ಕಸ ಎತ್ತುತ್ತದೆ, ತೆರಿಗೆ ವಸೂಲು ಮಾಡುತ್ತದೆ. ಅದರ ಜೊತೆಗೆ ಮನೆಯಿಲ್ಲದವರ ಹೊಣೆಯೂ ಅದರದು. ಈ ಹೊಣೆ ಸುಮ್ಮನೆ ಬಂದದ್ದಲ್ಲ. ಎರಡನೇ ಮಹಾಯುದ್ಧದ ನಂತರವೂ ಮನೆಯಿಲ್ಲದ ಸಂಸಾರಗಳನ್ನು ಸರ್ಕಾರಿ ಆಶ್ರಯಗಳಿಗೆ ಸೇರಿಸುವಾಗ ಎಷ್ಟೋ ಕಡೆ ತಾಯಿ ಮಕ್ಕಳನ್ನು ಒಳಗೆ ಬಿಟ್ಟು ಗಂಡನನ್ನು ಹೊರಗೇ ನಿಲ್ಲಿಸುತ್ತಿದ್ದರು. 1966ರ ನವೆಂಬರಿನಲ್ಲಿ ಬಿಬಿಸಿ 'ಕ್ಯಾಥಿ ಕಮ್ ಹೋಮ್' ಎಂಬ ನಾಟಕವನ್ನು ಟಿವಿಯಲ್ಲಿ ತೋರಿಸಿತು, ಕೆನ್ ಲೋಚ್ ನಿರ್ದೇಶನದ್ದು. ಗಂಡನಿಗೆ ಅಪಘಾತವಾಗಿ, ಮನೆಯಿಂದ ಮನೆಗೆ ಜಾರುತ್ತ ಕೊನೆಗೆ ಮಕ್ಕಳನ್ನೂ ಕಳೆದುಕೊಳ್ಳುವ ಹೆಣ್ಣಿನ ಕಥೆ. ದೇಶವೇ ತಲ್ಲಣಿಸಿತು. ಶೆಲ್ಟರ್ ಎಂಬ ಸಂಸ್ಥೆ ಹುಟ್ಟಿದ್ದು ಅದೇ ಡಿಸೆಂಬರಿನಲ್ಲಿ. ಆದರೂ ಕೌನ್ಸಿಲ್‌ಗಳಿಗೆ ಕಾನೂನಿನ ಕಟ್ಟು ಬೀಳಲು 1977ರವರೆಗೆ ಕಾಯಬೇಕಾಯಿತು. ಈಗ ನಡೆಯುತ್ತಿರುವುದು 1996ರ ಹೌಸಿಂಗ್ ಕಾಯ್ದೆ ಮತ್ತು ಅದನ್ನು ತಿದ್ದಿದ 2017ರ ಕಾಯ್ದೆ. ಆ ಎರಡನೆಯದು ಜಾರಿಗೆ ಬಂದದ್ದು 2018ರ ಏಪ್ರಿಲ್ 3ರಂದು.

2017ರ ತಿದ್ದುಪಡಿಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಂಖ್ಯೆ: 56 ದಿನ. ಮುಂದಿನ 56 ದಿನಗಳೊಳಗೆ ಮನೆ ಹೋಗಬಹುದು ಎಂಬ ಪರಿಸ್ಥಿತಿಯಲ್ಲಿರುವ ಅರ್ಹರು ಕೌನ್ಸಿಲ್‌ಗೆ ಹೋದರೆ, ಅವರ ಮನೆ ಉಳಿಸಲು ಅಥವಾ ಬೇರೆ ಮನೆ ಹುಡುಕಲು ಕೌನ್ಸಿಲ್ ಆಗಲೇ ಕೈ ಹಾಕಬೇಕು. ಸೂಟ್‌ಕೇಸ್ ಹಿಡಿದು ರಸ್ತೆಯಲ್ಲಿ ನಿಲ್ಲುವ ತನಕ ಕಾಯುವಂತಿಲ್ಲ. ಓನರ್ ಜೊತೆ ಮಾತಾಡುವುದು, ಬಾಕಿ ಬಾಡಿಗೆಗೆ ನೆರವು, ಹೊಸ ಮನೆಯ ಡಿಪಾಸಿಟ್‌ಗೆ ಸಾಲ ಅಥವಾ ಜಾಮೀನು – ಇಂಥವೆಲ್ಲ ಇದರಲ್ಲಿ ಬರುತ್ತವೆ. ಕೌನ್ಸಿಲ್ ಏನು ಮಾಡುತ್ತದೆ, ನೀವೇನು ಮಾಡಬೇಕು ಎಂಬುದನ್ನು ಬರೆದು ಕೈಗೆ ಕೊಡಬೇಕು. ಅಷ್ಟಾಗಿಯೂ ಮನೆ ಹೋಯಿತೆಂದರೆ ಇನ್ನೊಂದು 56 ದಿನಗಳ ನೆರವಿನ ಹಂತ ಶುರುವಾಗುತ್ತದೆ.

ಆದರೆ ಅಂದು ರಾತ್ರಿಯೇ ತಲೆ ಮೇಲೊಂದು ಸೂರು ಎಲ್ಲರಿಗೂ ಸಿಗುವುದಿಲ್ಲ. ಅದು ಸಿಗುವುದು ಆದ್ಯತೆಯ ಗುಂಪಿನವರಿಗೆ: ಬಸುರಿಯರು, ಮಕ್ಕಳೊಂದಿಗರು, 16–17ರ ಹರೆಯದವರು, ಬೆಂಕಿ ಪ್ರವಾಹಗಳಲ್ಲಿ ಮನೆ ಕಳೆದುಕೊಂಡವರು, ಮನೆಯವರ ದೌರ್ಜನ್ಯದಿಂದ ಓಡಿಬಂದವರು, ಮುಪ್ಪು, ಕಾಯಿಲೆ, ಅಂಗವೈಕಲ್ಯಗಳಿಂದ ದುರ್ಬಲರಾದವರು. ಮೂವತ್ತರ ಗಟ್ಟಿಮುಟ್ಟಾದ ಒಂಟಿ ಗಂಡಸಿಗೆ ಸಲಹೆ ಸಿಗುತ್ತದೆ, ಮನೆ ಹುಡುಕಲು ಸಹಾಯ ಸಿಗುತ್ತದೆ, ಕೋಣೆ ಸಿಗುವ ಖಾತ್ರಿಯಿಲ್ಲ. ದುರ್ಬಲ ಎಂದರೆ ಯಾರು ಎಂಬುದರ ಮೇಲೆಯೇ ವರ್ಷಗಟ್ಟಲೆ ಕೋರ್ಟಿನಲ್ಲಿ ವಾದ ನಡೆದಿದೆ. ಬೀದಿಯಲ್ಲಿ ಈಗಾಗಲೇ ನರಳುತ್ತಿರುವವನ ಜೊತೆ ಹೋಲಿಸಬಾರದು, ಸಾಮಾನ್ಯ ಮನುಷ್ಯ ಮನೆ ಕಳೆದುಕೊಂಡರೆ ಹೇಗಿರುತ್ತಾನೋ ಅವನ ಜೊತೆ ಹೋಲಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಅದಕ್ಕೆ ಮೊದಲು, ರಸ್ತೆಯಲ್ಲಿರುವವರೆಲ್ಲ ಕಾಯಿಲೆಯವರೇ, ನಿನ್ನದೇನು ಹೆಚ್ಚು ಎಂದು ಕಾಯಿಲೆಯವರನ್ನೇ ವಾಪಸು ಕಳಿಸಲು ದಾರಿಯಿತ್ತು. ಸ್ಕಾಟ್ಲೆಂಡ್ ಈ ಆದ್ಯತೆಯ ಜರಡಿಯನ್ನೇ 2012ರ ಕೊನೆಗೆ ತೆಗೆದುಹಾಕಿತು. ನನ್ನ ಅಭಿಪ್ರಾಯದಲ್ಲಿ ಇಂಗ್ಲೆಂಡೂ ಅದನ್ನೇ ಮಾಡಬೇಕು.

ನಮ್ಮವರನ್ನು ತಟ್ಟುವ ಇನ್ನೊಂದು ಅಂಶ ಆ ಕಾನೂನಿನಲ್ಲಿದೆ. ಮನೆಯಿಲ್ಲ ಎಂದರೆ ಬ್ರಿಟನ್ನಿನಲ್ಲಿ ಮಾತ್ರವಲ್ಲ, ಜಗತ್ತಿನ ಎಲ್ಲಿಯೂ ಇರಲು ಯೋಗ್ಯವಾದ, ಹಕ್ಕುಳ್ಳ ಮನೆ ಇಲ್ಲ ಎಂದರ್ಥ. ಊರಿನಲ್ಲಿ ಹೆಸರಿಗೊಂದು ಮನೆಯಿದ್ದರೆ ಅಧಿಕಾರಿ ಅದನ್ನೂ ಕೇಳುತ್ತಾರೆ. ಮುಚ್ಚಿಡುವುದು ತಪ್ಪು, ಅಲ್ಲಿ ಹೋಗಿ ಬಾಳುವುದು ಏಕೆ ಆಗದು ಎಂಬುದನ್ನು ವಿವರಿಸಬೇಕು.

ಕಚೇರಿಗೆ ಹೋದರೆ ಏನು ನಡೆಯುತ್ತದೆ? ಪಾಸ್‌ಪೋರ್ಟ್, ವೀಸಾದ ದಾಖಲೆ, ಬಾಡಿಗೆ ಕರಾರು, ನೋಟಿಸ್, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಮಗುವಿನ ಜನನ ಪತ್ರ ಎಲ್ಲ ಕೇಳುತ್ತಾರೆ. ಎಷ್ಟೋ ಸಲ ಕೌಂಟರಿನಿಂದ ಬರುವ ಉತ್ತರ ಒಂದೇ: "ಬೇಲಿಫ್ ಬಂದಾಗ ಬನ್ನಿ." ಅಷ್ಟಕ್ಕೇ ತಲೆಯಾಡಿಸಿ ವಾಪಸಾಗುವವರು ಬಹಳ. ಕೋರ್ಟಿನ ಆದೇಶದ ಗಡುವು ಮುಗಿದ ಮೇಲೂ ಸಂಸಾರಗಳನ್ನು ಅಮೀನರು ಬರುವ ತನಕ ಕೂರಿಸುವುದು ಸರಿಯಲ್ಲವೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾಗಿ ಅಲ್ಲಿ ಆಡಬೇಕಾದ ಮಾತು: "ನಾನು ಹೋಮ್‌ಲೆಸ್ ಅರ್ಜಿ ಕೊಡುತ್ತಿದ್ದೇನೆ, ನಿಮ್ಮ ತೀರ್ಮಾನ ನನಗೆ ಬರವಣಿಗೆಯಲ್ಲಿ ಬೇಕು." ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಆದ 'ಇಲ್ಲ'ವನ್ನು ಪ್ರಶ್ನಿಸುವುದು ಕಷ್ಟ. ಕಾಗದದ ಮೇಲಿನ 'ಇಲ್ಲ'ವನ್ನು 21 ದಿನಗಳೊಳಗೆ ಮರುಪರಿಶೀಲನೆಗೆ ಕೇಳಬಹುದು, ಅದರಲ್ಲೂ ಸೋತರೆ ಕಾನೂನಿನ ಪ್ರಶ್ನೆಯ ಮೇಲೆ ಕೌಂಟಿ ಕೋರ್ಟಿಗೆ ಹೋಗಬಹುದು.

ಸಿಗುವ ಸೂರಾದರೂ ಎಂಥದ್ದು? ಮೊದಲು ಸಿಗುವುದು ಹೆಚ್ಚಾಗಿ ತಾತ್ಕಾಲಿಕ ವಸತಿ. ಒಂದು ಕೋಣೆ, ಎರಡು ಮಂಚ, ಗೋಡೆಗೆ ಒತ್ತಿ ನಿಲ್ಲಿಸಿದ ಸೂಟ್‌ಕೇಸುಗಳು, ಬಿಸಿನೀರಿಗೊಂದು ಕೆಟಲ್, ಒಲೆಯಿಲ್ಲ. ಮಗು ಹಾಸಿಗೆಯ ಮೇಲೆ ಕೂತು ಹೋಮ್‌ವರ್ಕ್ ಮಾಡಬೇಕು. ಅನ್ನ ಸಾರು ಮಾಡಲು ಜಾಗವಿಲ್ಲದೆ ತಾಯಿ ಬ್ರೆಡ್ಡು, ಕಪ್ ನೂಡಲ್ಸ್‌ಗಳಲ್ಲಿ ದಿನ ದೂಡಬೇಕು. ಬಚ್ಚಲು, ಅಡುಗೆಮನೆ ಹಂಚಿಕೊಳ್ಳುವ ಇಂಥ ಖಾಸಗಿ ಬಿ ಅಂಡ್ ಬಿಗಳಲ್ಲಿ ಮಕ್ಕಳಿರುವ ಸಂಸಾರವನ್ನು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಇಡಬಹುದು, ಅದೂ ಆರು ವಾರ ಮೀರುವಂತಿಲ್ಲ ಎಂದು 2003ರ ಆದೇಶವಿದೆ. ಮೀರುವ ಕೌನ್ಸಿಲ್‌ಗಳಿವೆ. ಊರಾಚೆಗೆ ಕಳಿಸುವುದೂ ಉಂಟು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಐದು ಮಕ್ಕಳ ತಾಯಿಯೊಬ್ಬರಿಗೆ ಮಿಲ್ಟನ್ ಕೀನ್ಸ್ ಹತ್ತಿರ ಮನೆ ತೋರಿಸಿತು. ಅವರು ಒಪ್ಪಲಿಲ್ಲ. ನಮ್ಮ ಹೊಣೆ ಮುಗಿಯಿತು ಎಂದಿತು ಕೌನ್ಸಿಲ್. 2015ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು; ಹತ್ತಿರದಲ್ಲಿ ಏಕೆ ಕೊಡಲಾಗಲಿಲ್ಲ ಎಂಬುದಕ್ಕೆ ಕೌನ್ಸಿಲ್ ಲೆಕ್ಕ ಒಪ್ಪಿಸಬೇಕು ಎಂದಿತು. 2025ರ ಮಾರ್ಚ್ ಕೊನೆಗೆ ಇಂಗ್ಲೆಂಡಿನಲ್ಲಿ ತಾತ್ಕಾಲಿಕ ವಸತಿಯಲ್ಲಿದ್ದ ಕುಟುಂಬಗಳು 1.31 ಲಕ್ಷ, ಮಕ್ಕಳು 1.69 ಲಕ್ಷ. ಕೌನ್ಸಿಲ್ ಕೈಯಲ್ಲಿ ಮನೆಗಳು ಸಾಲದಿರಲು ಒಂದು ಕಾರಣವಿದೆ: 1980ರ ಕಾಯ್ದೆ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರಿಗೇ ರಿಯಾಯಿತಿ ಬೆಲೆಗೆ ಮಾರಲು ದಾರಿ ತೆರೆಯಿತು. ಸುಮಾರು 20 ಲಕ್ಷ ಮನೆಗಳು ಹಾಗೆ ಕೈಬಿಟ್ಟವು, ಅಷ್ಟು ಹೊಸದಾಗಿ ಕಟ್ಟಲಿಲ್ಲ. ಕರ್ತವ್ಯ ಕಾನೂನಿನಲ್ಲಿ ಉಳಿಯಿತು, ಮನೆಗಳು ಉಳಿಯಲಿಲ್ಲ.

ಈಗ ವೀಸಾ. ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಸಂಗಾತಿಯ ವೀಸಾಗಳ ಮೇಲೆ ಸಾಮಾನ್ಯವಾಗಿ 'ಸಾರ್ವಜನಿಕ ನಿಧಿಗೆ ಹಕ್ಕಿಲ್ಲ' ಎಂಬ ಷರತ್ತಿರುತ್ತದೆ. ನರ್ಸುಗಳ ವೀಸಾಕ್ಕೂ ಇದೆ. ಆ ನಿಧಿಯ ಪಟ್ಟಿಯಲ್ಲಿ ಕೌನ್ಸಿಲ್ ಮನೆ ಮತ್ತು ಮನೆಯಿಲ್ಲದವರ ನೆರವು ಎರಡೂ ಇವೆ. ನಿಮ್ಮ ಹುಡುಗಿಯ ವೀಸಾದಲ್ಲಿ ಈ ಷರತ್ತಿದ್ದರೆ ಮೇಲೆ ಹೇಳಿದ ವಸತಿ ಅವಳಿಗಿಲ್ಲ, ಪಡೆಯಲು ಹೋದರೆ ವೀಸಾಕ್ಕೇ ಸಂಚಕಾರ. ಐಎಲ್‌ಆರ್, ಅಂದರೆ ಅಲ್ಲೇ ನೆಲೆಸುವ ಅನುಮತಿ, ಸಿಕ್ಕಿದ್ದರೆ ಅವಳಿಗೆ ಬಾಗಿಲು ತೆರೆದಿದೆ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಸಿಕ್ಕಿದ್ದರೆ ಅವರ ಹೆಸರಿನಲ್ಲೇ ಅರ್ಜಿ ಹೋಗಬೇಕು, ಅದೂ ಸಲಹೆ ಪಡೆದು. ಜನಸೇವೆಯ ಕೆಲಸಕ್ಕೆಂದು ಕರೆಸಿಕೊಂಡು, ತೆರಿಗೆಯನ್ನೂ ಹಿಡಿದು, ಕಷ್ಟ ಬಂದಾಗ ನೀನು ಹೊರಗಿನವಳು ಎನ್ನುವ ಈ ನಿಯಮ ನನಗೆ ನ್ಯಾಯವಾಗಿ ಕಾಣುವುದಿಲ್ಲ. ಆದರೆ ನಿಯಮ ಇರುವುದು ಹೀಗೆ.

ಷರತ್ತಿದ್ದರೂ ಕೆಲವು ಬಾಗಿಲುಗಳಿವೆ. ಉಚಿತ ವಸತಿ ಸಲಹೆಯನ್ನು ಕೌನ್ಸಿಲ್ ಯಾರಿಗೂ ನಿರಾಕರಿಸುವಂತಿಲ್ಲ. ವೀಸಾ ಯಾವುದೇ ಇರಲಿ. ಪುಟ್ಟ ಮಗುವಿರುವ ಸಂಸಾರ ನಿಜವಾಗಿಯೂ ದಿಕ್ಕೆಟ್ಟರೆ 1989ರ ಮಕ್ಕಳ ಕಾಯ್ದೆಯಂತೆ ಸೋಶಿಯಲ್ ಸರ್ವಿಸಸ್ ವಿಭಾಗ ಪರಿಶೀಲಿಸಬೇಕು. ಇದು ಸಾರ್ವಜನಿಕ ನಿಧಿಯ ಲೆಕ್ಕಕ್ಕೆ ಬರುವುದಿಲ್ಲ. ಊರಿಗೆ ಮರಳಲು ಟಿಕೆಟ್ ಕೊಡುತ್ತೇವೆ ಎಂದು ಅವರು ಹೇಳುವುದೂ ಉಂಟು. ಹಳ್ಳಿಪಟ್ಟಣಗಳ ಎಷ್ಟೋ ಭಾಗಗಳಲ್ಲಿ ಎರಡು ಹಂತದ ಕೌನ್ಸಿಲ್ ಇದೆ: ವಸತಿ ಜಿಲ್ಲಾ ಕೌನ್ಸಿಲ್‌ನದು, ಮಕ್ಕಳ ವಿಷಯ ಕೌಂಟಿಯದು. ತಪ್ಪು ಕಚೇರಿಗೆ ಅಲೆದು ದಿನ ಕಳೆಯಬಾರದು. ಗಂಡನ ಹೊಡೆತ ಬಡಿತದಿಂದ ಮನೆ ಬಿಟ್ಟ, ಅವನ ವೀಸಾಕ್ಕೆ ಅಂಟಿಕೊಂಡು ಬಂದ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಮಟ್ಟಿಗೆ ಆ ಷರತ್ತನ್ನು ತೆಗೆಯುವ ಪ್ರತ್ಯೇಕ ವ್ಯವಸ್ಥೆಯಿದೆ. ವೀಸಾ ಹೋಗುತ್ತದೆ ಎಂಬ ಹೆದರಿಕೆಗೆ ಏಟು ತಿನ್ನುತ್ತಿರುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಇದನ್ನು ದಯವಿಟ್ಟು ತಿಳಿಸಿ. ಅರ್ಜಿ ಹಾಕುವ ಮೊದಲು ವಲಸೆ ಕಾನೂನು ಬಲ್ಲವರನ್ನು ಕೇಳಲಿ.

ದುಡಿಯುವ ನರ್ಸ್ ಆದ ನಿಮ್ಮ ಹುಡುಗಿಗೆ ಬಹುಶಃ ಬೇಕಾಗಿರುವುದು ಕೌನ್ಸಿಲ್ ಕೋಣೆಗಿಂತ ಹೆಚ್ಚಾಗಿ ಸಮಯ. ನೋಟಿಸಿನಿಂದ ಅಮೀನರು ಬರುವವರೆಗಿನ ತಿಂಗಳುಗಳು ಅವಳವು. ಅಷ್ಟರಲ್ಲಿ ಮನೆ ಹುಡುಕಲಿ. ಆಸ್ಪತ್ರೆಯಲ್ಲಿ ಸಿಬ್ಬಂದಿ ವಸತಿ ಇದೆಯೇ ಎಂದು ವಿಚಾರಿಸಲಿ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಲ್ಲ: ಸಾಮಾನ್ಯ ಬಾಡಿಗೆಗೆ ಡಿಪಾಸಿಟ್ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಹೊಸಬರೆಂದು ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದ ಪದ್ಧತಿಗೂ 2025ರ ಕಾಯ್ದೆ ತಡೆ ಹಾಕುತ್ತದೆ, ಒಂದು ತಿಂಗಳದ್ದಕ್ಕಿಂತ ಹೆಚ್ಚು ಕೇಳುವಂತಿಲ್ಲ. ನೋಟಿಸ್ ಸರಿಯಿದೆಯೇ, ವೀಸಾ ಏನು ಹೇಳುತ್ತದೆ ಎಂದು ನೋಡಿ ಹೇಳಲು ಶೆಲ್ಟರ್‌ನ ಉಚಿತ ಸಹಾಯವಾಣಿ ಇದೆ: 0808 800 4444. ಊರೂರಿನ ಸಿಟಿಜನ್ಸ್ ಅಡ್ವೈಸ್ ಕಚೇರಿಗಳೂ ದುಡ್ಡು ಕೇಳದೆ ಸಲಹೆ ಕೊಡುತ್ತವೆ. ನೋಟಿಸನ್ನು ಕೈಯಲ್ಲಿ ಹಿಡಿದುಕೊಂಡೇ ಈ ವಾರ ಫೋನ್ ಮಾಡಲು ಹೇಳಿ.